ಡಿಸ್ಕ್ ಹಿಡಿಯುವ ಸ್ಪರ್ಧೆ: ಅಂಕವಿರುವುದು ನಾಯಿ ಮರಳಿ ಬರುವ ದಾರಿಯಲ್ಲಿ

ನಾಯಿ ಗಾಳಿಯಲ್ಲಿ ಹಾರಿ ಫ್ರಿಸ್ಬೀ ಕಚ್ಚಿ ಹಿಡಿಯುವ ಚಿತ್ರ ನೋಡಿಯೇ ಹೆಚ್ಚಿನವರು ಈ ಆಟಕ್ಕೆ ಬರುತ್ತಾರೆ. ಅಭ್ಯಾಸವೂ ಆ ನೆಗೆತದ ಸುತ್ತಲೇ ಸುತ್ತುತ್ತದೆ. ಸ್ಪರ್ಧೆಯ ದಿನ ಮಾತ್ರ ಲೆಕ್ಕ ಬೇರೆ. ದೂರದ ಎಸೆತದ ಸುತ್ತಿನಲ್ಲಿ ಸಿಗುವುದು ಒಂದು ಡಿಸ್ಕ್, 60 ಸೆಕೆಂಡು. ಅಷ್ಟರಲ್ಲಿ ನಾಯಿ ಎಷ್ಟು ಸಲ ಓಡಿ, ಹಿಡಿದು, ಮರಳಿ ತಂದು, ಬಾಯಿ ಬಿಡುತ್ತದೆ ಎನ್ನುವುದೇ ಫಲಿತಾಂಶ.

ಬಹಳ ಕಡೆ ಬಳಕೆಯಲ್ಲಿರುವ ಒಂದು ಅಂಕ ಪದ್ಧತಿ ಹೀಗಿದೆ: 10ರಿಂದ 20 ಗಜದೊಳಗೆ ಹಿಡಿದರೆ 1 ಅಂಕ, 20ರಿಂದ 30 ಗಜಕ್ಕೆ 2, 30ರಿಂದ 40ಕ್ಕೆ 3, 40 ಗಜ ದಾಟಿದರೆ 4. ಹಿಡಿಯುವಾಗ ನಾಲ್ಕೂ ಕಾಲು ನೆಲ ಬಿಟ್ಟಿದ್ದರೆ ಮೇಲೆ ಅರ್ಧ ಅಂಕ. ಗಮನಿಸಿ, ಹಾರಿದ್ದಕ್ಕೆ ಅರ್ಧವೇ. ಒಂದು ಗಜವೆಂದರೆ 0.91 ಮೀಟರ್, ಹಾಗಾಗಿ 40 ಗಜದ ಗೆರೆ ಬೀಳುವುದು ಸುಮಾರು 36.5 ಮೀಟರ್‌ಗೆ.

ಈಗ ಗಡಿಯಾರ ಹಿಡಿದು ನೋಡೋಣ. ನಾಯಿ 38 ಮೀಟರ್ ದೂರಕ್ಕೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹೋಗಿ 6 ಮೀಟರ್ ವೇಗದಲ್ಲಿ ಮರಳಿದರೆ ಹೋಗಿಬರಲು ಸುಮಾರು 11 ಸೆಕೆಂಡು. ನೀವು ಡಿಸ್ಕ್ ಎತ್ತಿ ಮತ್ತೆ ಎಸೆಯಲು ಒಂದೂವರೆ ಸೆಕೆಂಡು. ಒಂದು ಸುತ್ತಿಗೆ ಹನ್ನೆರಡೂವರೆಯಾಯಿತು. ಕೊನೆಯದನ್ನು ಹಿಡಿದರೆ ಸಾಕು, ಮರಳಿ ತರಬೇಕಿಲ್ಲ, ಅಂದರೆ ಐದು ಎಸೆತ. ಎಲ್ಲವನ್ನೂ ಹಾರಿ ಹಿಡಿದರೆ 22.5 ಅಂಕ. ಅದೇ ನಾಯಿ ಮರಳುವಾಗ ಅಡ್ಡಾಡಿ, ಅಥವಾ ಡಿಸ್ಕನ್ನು ಐದಾರು ಮೀಟರ್ ದೂರದಲ್ಲೇ ಹಾಕಿ ನಿಮ್ಮನ್ನು ನಡೆಸಿ, ಪ್ರತಿ ಸುತ್ತಿಗೆ ಎರಡೂವರೆ ಸೆಕೆಂಡು ತಿಂದರೆ ಸಿಗುವುದು ನಾಲ್ಕೇ ಎಸೆತ, 18 ಅಂಕ. ಸುತ್ತಿಗೆ ಮುಕ್ಕಾಲು ಸೆಕೆಂಡು ಉಳಿಸಿದರೋ, ಆರನೆಯ ಎಸೆತ ಕೈಗೆ ಬರುತ್ತದೆ. ಇಷ್ಟು ಅಂಕವನ್ನು ಯಾವ ನೆಗೆತವೂ ತಂದುಕೊಡುವುದಿಲ್ಲ.

ಮೊದಲು ನಾಯಿಯ ಮೈ

ಬೆಳೆಯುವ ಮರಿಯ ಮೂಳೆಗಳ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ಅದು ಗಟ್ಟಿಯಾಗುವ ಮೊದಲೇ ನೆಗೆತದ ಪೆಟ್ಟು ಬಿದ್ದರೆ ಕಾಲು ಸೊಟ್ಟಾಗಿ ಬೆಳೆಯಬಹುದು. ಸಣ್ಣ ತಳಿಗಳಲ್ಲಿ ಇದು ವರ್ಷದೊಳಗೇ ಗಟ್ಟಿಯಾಗುತ್ತದೆ, ಮಧ್ಯಮ ಮತ್ತು ದೊಡ್ಡ ತಳಿಗಳಲ್ಲಿ 14ರಿಂದ 18 ತಿಂಗಳು ಬೇಕಾಗಬಹುದು. ಅಲ್ಲಿಯವರೆಗೆ ಡಿಸ್ಕ್ ನೆಲದ ಮೇಲೆ ಉರುಳಲಿ, ನಾಯಿಯ ಮೂಗಿನ ಮಟ್ಟದಲ್ಲಿ ಬರಲಿ, ಮೇಲೆ ಹೋಗುವುದು ಬೇಡ. ವಯಸ್ಸಾದ ಮೇಲೂ ಪಶುವೈದ್ಯರಿಂದ ಸೊಂಟ, ಮೊಣಕೈ, ಮಂಡಿ ನೋಡಿಸಿಯೇ ನೆಗೆತ ಶುರುಮಾಡಿ. ಸೊಂಟದ ಕೀಲು ಸಡಿಲವಿರುವ ನಾಯಿ ಆರಂಭದಲ್ಲಿ ಎಷ್ಟೋ ಸಲ ನೋವು ತೋರಿಸುವುದಿಲ್ಲ.

ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಬೆರಳಾಡಿಸಿದರೆ ಸಲೀಸಾಗಿ ಎಣಿಸಲು ಸಿಗಬೇಕು, ಮೇಲಿನಿಂದ ನೋಡಿದರೆ ನಡು ಸಣ್ಣಗಾಗಿರಬೇಕು. ಮೈಮೇಲಿನ ಒಂದೊಂದು ಹೆಚ್ಚುವರಿ ಕಿಲೋ ಕೂಡ ನೆಲಕ್ಕಿಳಿಯುವಾಗ ಅದರ ಹಲವು ಪಟ್ಟು ಹೊರೆಯಾಗಿ ಕೀಲಿನ ಮೇಲೆ ಬೀಳುತ್ತದೆ. ಬಾರ್ಡರ್ ಕಾಲಿ, ಆಸ್ಟ್ರೇಲಿಯನ್ ಶೆಪರ್ಡ್, ವಿಪೆಟ್‌ಗಳು ಈ ಆಟದಲ್ಲಿ ಹೆಚ್ಚು ಕಾಣುವುದಕ್ಕೆ ಹಗುರವಾದ ಮೈಕಟ್ಟೂ ಒಂದು ಕಾರಣ. 1974ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಪಂದ್ಯದ ನಡುವೆಯೇ ಅಲೆಕ್ಸ್ ಸ್ಟೈನ್ ಎಂಬ ತರುಣ ತನ್ನ ನಾಯಿಯೊಂದಿಗೆ ಮೈದಾನಕ್ಕೆ ಇಳಿದು ಡಿಸ್ಕ್ ಎಸೆದ; ಟಿವಿಯಲ್ಲಿ ಅದನ್ನು ಕಂಡ ಅಮೆರಿಕ ಬೆರಗಾಯಿತು. ಆ ನಾಯಿ ಆಶ್ಲಿ ಕೂಡ ವಿಪೆಟ್ಟೇ. 1975ರಿಂದ ಸತತ ಮೂರು ವರ್ಷ ವಿಶ್ವ ಚಾಂಪಿಯನ್ ಪಟ್ಟ ಅದರದ್ದಾಯಿತು. ಹಾಗೆಂದು ತಳಿ ಹುಡುಕಿಕೊಂಡು ಹೋಗಬೇಕಿಲ್ಲ. ಓಡುವ ವಸ್ತುವನ್ನು ಕಂಡರೆ ಬೆನ್ನಟ್ಟುವ, ಆರೋಗ್ಯವಾಗಿರುವ ಯಾವ ಬೆರಕೆ ನಾಯಿಯೂ ಕಲಿಯುತ್ತದೆ. ಚಪ್ಪಟೆ ಮೂತಿಯ ತಳಿಗಳನ್ನು ಮಾತ್ರ ಬಿಟ್ಟುಬಿಡಿ, ಓಟದ ಬಿಸಿಯನ್ನು ಅವು ಉಸಿರಿನ ಮೂಲಕ ಹೊರಹಾಕಲಾರವು.

ಡಿಸ್ಕ್

ನಾಯಿಗಳಿಗೆಂದೇ ಮಾಡಿದ ಡಿಸ್ಕ್ ತೆಗೆದುಕೊಳ್ಳಿ. ಸ್ಪರ್ಧೆಯ ಅಳತೆ ಸುಮಾರು 235 ಮಿಲಿಮೀಟರ್ ಅಗಲ, 105ರಿಂದ 110 ಗ್ರಾಂ ತೂಕ. ಮನುಷ್ಯರು ತಂಡ ಕಟ್ಟಿಕೊಂಡು ಆಡುವ ‘ಅಲ್ಟಿಮೇಟ್’ ಎಂಬ ಆಟದ ಡಿಸ್ಕ್ 175 ಗ್ರಾಂ ಇರುತ್ತದೆ. ವೇಗವಾಗಿ ಬಂದು ಬಡಿದರೆ ಹಲ್ಲು ಮುರಿಯಬಹುದು. ಕಚ್ಚಿ ತೂತು ಮಾಡುವ ನಾಯಿಗೆ ದಪ್ಪ ರಬ್ಬರಿನಂಥ ಪ್ಲಾಸ್ಟಿಕ್ಕಿನವು ಬರುತ್ತವೆ. ಅವು ಸ್ವಲ್ಪ ಭಾರ, ಕೈಗೂ ಬೇರೆಯಾಗಿ ಸಿಗುತ್ತವೆ. ಆದ್ದರಿಂದ ಸ್ಪರ್ಧೆಗೆ ಒಯ್ಯುವುದು ಯಾವುದೋ ಅದರಲ್ಲೇ ಅಭ್ಯಾಸವನ್ನೂ ಮಾಡಿ. ಒಂದೇ ಅಚ್ಚಿನ ಆರೆಂಟು ಡಿಸ್ಕ್ ಒಟ್ಟಿಗೆ ಕೊಂಡರೆ ಒಳ್ಳೆಯದು.

ಹಲ್ಲಿನಿಂದ ಎದ್ದ ಚೂಪು ಚೂರುಗಳು ನಾಲಗೆಯನ್ನೂ ಒಸಡನ್ನೂ ಕೊಯ್ಯುತ್ತವೆ. ಪ್ರತಿ ಅಭ್ಯಾಸದ ಮೇಲೆ ಅಂಚಿನ ಸುತ್ತ ಬೆರಳಾಡಿಸಿ, ಒರಟು ಸಿಕ್ಕಲ್ಲಿ ಉಪ್ಪುಕಾಗದದಿಂದ ಉಜ್ಜಿ. ಬಿರುಕು ಬಿಟ್ಟದ್ದನ್ನು ಎಸೆದುಬಿಡಿ. ಚಳಿಯಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಪೆಡಸಾಗಿ ಸೀಳುವುದು ಬೇಗ, ಆಗ ಮೆತ್ತಗಿನ ಬಗೆಯೇ ಸರಿ. ಇನ್ನೊಂದು: ಡಿಸ್ಕ್ ಮನೆಯಲ್ಲಿ ಬಿದ್ದಿರಬಾರದು. ಮೂಲೆಯಲ್ಲಿ ಕೂತು ಅಗಿಯಲು ಸಿಗುವ ಸಾಮಾನಾದರೆ, ಮೈದಾನದಲ್ಲೂ ನಾಯಿ ಅದನ್ನು ಕಚ್ಚಿಕೊಂಡು ಮಲಗುತ್ತದೆ.

ಎಸೆತವನ್ನು ನಾಯಿಯಿಲ್ಲದೆ ಕಲಿಯಿರಿ

ನಾಯಿಯ ಮೇಲೆ ಎಸೆತ ಕಲಿಯುವುದು ನಾಯಿಗೆ ಮಾಡುವ ಅನ್ಯಾಯ. ತಪ್ಪು ಎಸೆತದ ಬೆಲೆಯನ್ನು ಅದರ ಬೆನ್ನುಮೂಳೆ ತೆರುತ್ತದೆ. ಖಾಲಿ ಮೈದಾನದಲ್ಲಿ ಹತ್ತು ಡಿಸ್ಕ್ ಇಟ್ಟುಕೊಂಡು, 20 ಮೀಟರ್ ಆಚೆ ನಿಲ್ಲಿಸಿದ ಗುರುತಿನ ಸುತ್ತ ಎರಡು ಮೀಟರ್ ಒಳಗೆ ಹತ್ತಕ್ಕೆ ಎಂಟು ಬೀಳುವವರೆಗೆ ಎಸೆಯಿರಿ. ಅಲ್ಲಿಯವರೆಗೆ ನಾಯಿಗೆ ಉರುಳುವ ಡಿಸ್ಕೇ ಸಾಕು.

ಬಲಗೈಯವರಿಗೆ ಬ್ಯಾಕ್‌ಹ್ಯಾಂಡ್ ಎಸೆತ ಹೀಗೆ. ಹೆಬ್ಬೆರಳು ಮೇಲೆ, ತೋರುಬೆರಳು ಅಂಚಿನ ಉದ್ದಕ್ಕೆ, ಉಳಿದ ಮೂರು ಬೆರಳು ಕೆಳಗೆ ಅಂಚಿನ ಒಳಮೈಗೆ. ಬಲ ಭುಜ ಗುರಿಯ ಕಡೆಗಿರುವಂತೆ ಪಕ್ಕಕ್ಕೆ ತಿರುಗಿ ನಿಂತು, ಡಿಸ್ಕನ್ನು ಎದೆಯ ಮುಂದೆ ನೆಲಕ್ಕೆ ಸಮಾನಾಂತರವಾಗಿ ಎಳೆದು ತನ್ನಿ. ಕೊನೆಯ ಗಳಿಗೆಯಲ್ಲಿ, ಒದ್ದೆ ಬಟ್ಟೆ ಝಾಡಿಸುವಾಗ ಮಾಡುವಂತೆ, ಮಣಿಕಟ್ಟನ್ನು ಚಟಕ್ಕನೆ ಬಿಚ್ಚಿ. ದೂರಕ್ಕೆ ಒಯ್ಯುವುದು ತೋಳಿನ ಬಲ. ಡಿಸ್ಕನ್ನು ನೆಟ್ಟಗೆ ಇಡುವುದು ಮಣಿಕಟ್ಟು ಕೊಡುವ ಗಿರಕಿ. ಗಿರಕಿ ಕಡಿಮೆಯಾದರೆ ಡಿಸ್ಕ್ ಅಲುಗಾಡುತ್ತದೆ, ಅಲುಗಾಡುವ ಡಿಸ್ಕ್ ಎಲ್ಲಿಗೆ ಇಳಿಯುತ್ತದೆಂದು ನಾಯಿ ಅಂದಾಜಿಸಲಾರದು.

ತಪ್ಪುಗಳು ಹೆಚ್ಚೂಕಡಿಮೆ ಇವೇ. ಡಿಸ್ಕ್ ಬಲಕ್ಕೆ ತಿರುಗಿ ನೆಲಕ್ಕೆ ಕೊಯ್ದರೆ, ಬಿಡುವಾಗ ಮೈಯಿಂದ ಆಚೆಗಿರುವ ಅಂಚು ಮೇಲೆದ್ದಿದೆ, ಇಲ್ಲವೇ ಹಗುರ ಡಿಸ್ಕಿಗೆ ಅತಿಯಾಗಿ ಬಲ ಹಾಕಿದ್ದೀರಿ. ಆ ಹೊರ ಅಂಚನ್ನು ಕೂದಲೆಳೆಯಷ್ಟು ಕೆಳಗೆ ವಾಲಿಸಿ ಬಿಟ್ಟರೆ ಹಾರುತ್ತ ಹಾರುತ್ತ ತಾನೇ ಸಮವಾಗುತ್ತದೆ. ಕೊನೆಯಲ್ಲಿ ಎಡಕ್ಕೆ ಜಾರುವುದು ಗಿರಕಿ ಕುಗ್ಗಿದ ಡಿಸ್ಕಿನ ಸಹಜ ಗುಣ. ಅದನ್ನು ತಡೆಯಲು ಹೋಗದೆ ಲೆಕ್ಕಕ್ಕೆ ಸೇರಿಸಿಕೊಂಡು ಎಸೆಯಿರಿ. ಡಿಸ್ಕ್ ಮೇಲೇರಿ ನಿಂತು, ಹಿಂದಕ್ಕೆ ಜಾರಿ ಬೀಳುತ್ತಿದ್ದರೆ ಮುಂದಿನ ಅಂಚು ಎದ್ದಿದೆ ಎಂದರ್ಥ. ನಾಯಿಗೆ ಅತ್ಯಂತ ಅಪಾಯಕಾರಿಯಾದದ್ದು ಈ ಎಸೆತವೇ. ಕಾರಣ ಮುಂದೆ ಬರುತ್ತದೆ.

ನಾಯಿಯ ಪಾಠ: ಉರುಳು, ತಾ, ಬಿಡು

ಡಿಸ್ಕನ್ನು ಅಂಚಿನ ಮೇಲೆ ನಿಲ್ಲಿಸಿ ಚಕ್ರದಂತೆ ಉರುಳಿಸಿ. ನಾಯಿ ಓಡುತ್ತಲೇ ತಲೆ ತಗ್ಗಿಸಿ ಕಚ್ಚುತ್ತದೆ. ನಿಲ್ಲದೆ, ಓಟದ ದಿಕ್ಕಿನಲ್ಲೇ ಹಿಡಿಯುವ ಈ ರೂಢಿ ಮುಂದೆ ಗಾಳಿಯ ಎಸೆತಕ್ಕೂ ಬರುತ್ತದೆ. ನಾಲ್ಕೈದು ದಿನದ ಮೇಲೆ ನಾಯಿಯ ಎದೆಯೆತ್ತರದಲ್ಲಿ 4ರಿಂದ 5 ಮೀಟರ್‌ನ ಚಿಕ್ಕ ಎಸೆತ. ಎಂದೂ ನಾಯಿಯ ಮುಖಕ್ಕೆ ನೇರವಾಗಿ ಎಸೆಯಬೇಡಿ. ಒಮ್ಮೆ ಮೂತಿಗೆ ಬಡಿದರೆ ವಾರಗಟ್ಟಲೆ ಕಣ್ಣು ಮಿಟುಕಿಸಿ ತಪ್ಪಿಸಿಕೊಳ್ಳುತ್ತದೆ. ಅದು ನಿಮ್ಮಿಂದ ದೂರಕ್ಕೆ ಓಡುತ್ತಿರುವಾಗ ಡಿಸ್ಕ್ ಭುಜದ ಮೇಲಿಂದ ಮುಂದಕ್ಕೆ ಇಳಿಯಬೇಕು.

ಮರಳಿ ತರುವುದನ್ನು ಕಲಿಸಲು ಎರಡು ಡಿಸ್ಕಿನ ಆಟಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎರಡೂ ಒಂದೇ ಬಣ್ಣ, ಒಂದೇ ಬಗೆ. ಒಂದನ್ನು ಎಸೆಯಿರಿ; ನಾಯಿ ಕಚ್ಚಿದ ಕೂಡಲೇ ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಓಡಿ. ನೀವು ನಿಂತಲ್ಲೇ ನಿಂತು ಕೂಗಿದರೆ ನಾಯಿ ಯೋಚಿಸುತ್ತದೆ. ನೀವು ಓಡಿದರೆ ಬೆನ್ನಟ್ಟುತ್ತದೆ. ಅದು ಎರಡು ಮೀಟರ್ ಹತ್ತಿರ ಬಂದ ಮೇಲಷ್ಟೇ ಇನ್ನೊಂದನ್ನು ತೋರಿಸಿ, ‘ಬಿಡು’ ಎನ್ನಿ. ಬಾಯಿಂದ ಬಿದ್ದ ಕ್ಷಣವೇ ಎರಡನೆಯದನ್ನು ಎಸೆಯಿರಿ. ಬಿಟ್ಟರೆ ಆಟ ಮುಗಿಯುವುದಿಲ್ಲ, ಶುರುವಾಗುತ್ತದೆ ಎಂದು ನಾಯಿಗೆ ಮನದಟ್ಟಾಗಬೇಕು.

ಇಲ್ಲಿ ಕೆಡುವುದೂ ಸುಲಭ. ಎರಡನೆಯ ಡಿಸ್ಕನ್ನು ಬೇಗ ತೋರಿಸಿದರೆ ನಾಯಿ ಹತ್ತು ಮೀಟರ್ ಆಚೆಯೇ ಮೊದಲನೆಯದನ್ನು ಉಗುಳಿ ಕಾಯುತ್ತದೆ. ಹಾಗಾದರೆ ಕೈಯಲ್ಲಿರುವುದನ್ನು ಬೆನ್ನ ಹಿಂದೆ ಅಡಗಿಸಿ, ಬಿದ್ದದ್ದನ್ನು ನಾಯಿಯೇ ಎತ್ತಿ ತರುವವರೆಗೆ ಕಾಯಿರಿ; ನೀವು ಹೋಗಿ ಎತ್ತಿಕೊಂಡರೆ ಉಗುಳಿದ್ದಕ್ಕೆ ಬಹುಮಾನ ಕೊಟ್ಟಂತೆ. ಡಿಸ್ಕ್ ಕಚ್ಚಿಕೊಂಡು ಮೈದಾನವೆಲ್ಲ ಸುತ್ತು ಹಾಕುವ ನಾಯಿಗೆ ಕೊಟ್ಟರೆ ಕಳೆದುಕೊಳ್ಳುತ್ತೇನೆ ಎಂಬ ಅನುಭವವಾಗಿದೆ. ಬೆನ್ನಟ್ಟಬೇಡಿ. ಹಾರ್ನೆಸ್‌ಗೆ, ಅಂದರೆ ಎದೆಗೆ ತೊಡಿಸುವ ಪಟ್ಟಿಗೆ, ಹತ್ತು ಮೀಟರ್ ಹಗ್ಗ ಕಟ್ಟಿ, ಜಗ್ಗದೆ, ಸುತ್ತು ಹಾಕುವ ಜಾಗವನ್ನಷ್ಟೇ ಕಿರಿದು ಮಾಡಿ. ತಂದ ಪ್ರತಿ ಸಲವೂ ತಕ್ಷಣ ಎಸೆಯಿರಿ. ಬಾಯಿಯಿಂದ ಡಿಸ್ಕ್ ಕಿತ್ತುಕೊಳ್ಳುವುದಂತೂ ಬೇಡವೇ ಬೇಡ, ಅದು ಜಗ್ಗಾಟವಾಗುತ್ತದೆ, ಮತ್ತೆ ಸೆಕೆಂಡು ಸೋರುತ್ತದೆ. ನಾಯಿಗೆ ಜಗ್ಗಾಟ ಇಷ್ಟವಿದ್ದರೆ ಅದಕ್ಕೆ ಬೇರೆಯೇ ಆಟಿಕೆ, ಬೇರೆಯೇ ಮಾತು.

ಮೂರ್ನಾಲ್ಕು ವಾರಕ್ಕೆ ಇದು ಕೂತ ಮೇಲೆ ಒಂದೇ ಡಿಸ್ಕಿಗೆ ಬನ್ನಿ, ಏಕೆಂದರೆ ಸ್ಪರ್ಧೆಯಲ್ಲಿ ಕೈಯಲ್ಲಿ ಇನ್ನೊಂದಿರುವುದಿಲ್ಲ. ಡಿಸ್ಕ್ ನಿಮ್ಮ ಪಾದದಿಂದ ಒಂದು ಮೀಟರ್ ಒಳಗೆ ಬೀಳಬೇಕು. ಅಲ್ಲಿಗೆ ‘ಸುತ್ತು’ ಸೇರಿಸಿ: ಬಿಟ್ಟ ನಾಯಿ ನಿಮ್ಮ ಹಿಂದಿನಿಂದ ಒಂದು ಸುತ್ತು ಹಾಕಿ ಮುಂದಕ್ಕೆ ಹಾರಬೇಕು, ಅಷ್ಟರಲ್ಲಿ ನೀವು ಬಗ್ಗಿ ಎತ್ತಿ ನಿಂತಿರಬೇಕು. ಈ ಸುತ್ತು ಬರಿಯ ಅಲಂಕಾರವಲ್ಲ. ಎದುರಿಗೇ ನಿಂತು ಡಿಸ್ಕ್ ನೋಡುತ್ತಿರುವ ನಾಯಿ, ಎಸೆದ ಮೇಲೆ ಹಿಂದಕ್ಕೆ ತಿರುಗಿ ಓಟ ಶುರುಮಾಡಬೇಕಾಗುತ್ತದೆ. ಸುತ್ತಿ ಬರುವ ನಾಯಿ ಎಸೆಯುವಾಗಲೇ ವೇಗದಲ್ಲಿರುತ್ತದೆ. ಎಸೆಯುವ ತೋಳಿಗೆ ಅಡ್ಡ ಬರದ ದಿಕ್ಕನ್ನು ಆರಿಸಿ ಅದೊಂದನ್ನೇ ಕಲಿಸಿ.

ಒಂದು ಅಭ್ಯಾಸಕ್ಕೆ ಹತ್ತು ಹನ್ನೆರಡು ಪೂರ್ಣ ಎಸೆತ, ವಾರಕ್ಕೆ ಮೂರ್ನಾಲ್ಕು ದಿನ ಸಾಕು. ನಾಯಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ನಿಲ್ಲಿಸಿ. ಈ ನಾಯಿಗಳು ದಣಿವನ್ನು ತಾವಾಗಿ ಹೇಳುವುದಿಲ್ಲ.

ನೆಲಕ್ಕಿಳಿಯುವುದು

ನಾಯಿ ಹೇಗೆ ಹಾರುತ್ತದೆ ಎಂಬುದನ್ನು ನಿರ್ಧರಿಸುವುದು ನಾಯಿಯಲ್ಲ, ನಿಮ್ಮ ಎಸೆತ. ಓಡುತ್ತಿರುವ ನಾಯಿಯ ಮುಂದೆ, ಅದರ ತಲೆಗಿಂತ ತುಸುವೇ ಮೇಲೆ, ಡಿಸ್ಕ್ ಚಪ್ಪಟೆಯಾಗಿ ತೇಲುತ್ತಿದ್ದರೆ ಅದು ಉದ್ದಕ್ಕೆ ಚಾಚಿ ಹಿಡಿಯುತ್ತದೆ. ಬೆನ್ನು ನೆಟ್ಟಗಿರುತ್ತದೆ, ನಾಲ್ಕು ಕಾಲೂ ಓಟದ ಲಯದಲ್ಲೇ ನೆಲ ಮುಟ್ಟುತ್ತವೆ, ಎರಡು ಹೆಜ್ಜೆಯಲ್ಲಿ ಪೆಟ್ಟು ಹರಿದುಹೋಗುತ್ತದೆ. ಅದೇ ಡಿಸ್ಕ್ ಒಂದೇ ಕಡೆ ಮೇಲೆ ನಿಂತಿತೋ, ನಾಯಿ ಕೆಳಗೆ ಬಂದು ಕಾದು, ನೆಟ್ಟಗೆ ಚಿಮ್ಮಿ, ಗಾಳಿಯಲ್ಲಿ ಮೈ ತಿರುಚಿ, ಹಿಂಗಾಲುಗಳ ಮೇಲೆ ಮಾತ್ರ ಇಳಿಯುತ್ತದೆ. ಫೋಟೊಗೆ ಅದು ಚೆಂದ. ಇಡೀ ಮೈಭಾರ ಮಾತ್ರ ಎರಡು ಮಂಡಿಗಳ ಮೇಲೂ ಸೊಂಟದ ಕೊನೆಯ ಬೆನ್ನೆಲುಬುಗಳ ಮೇಲೂ ಬೀಳುತ್ತದೆ. ಮಂಡಿಯ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವಿಶ್ರಾಂತಿ. ಕೆಲವು ನಾಯಿಗಳು ಮತ್ತೆ ಸ್ಪರ್ಧೆಗೆ ಬರುವುದೇ ಇಲ್ಲ.

ಹಾಗಾಗಿ ನಾಯಿ ನೆಟ್ಟಗೆ ಚಿಮ್ಮುತ್ತಿದ್ದರೆ ನಾಯಿಯನ್ನು ತಿದ್ದಬೇಡಿ, ಎಸೆತವನ್ನು ತಿದ್ದಿ. ನಾಯಿ ಡಿಸ್ಕನ್ನು ದಾಟಿಹೋಗಿ ಹಿಂದಕ್ಕೆ ಬಾಗಿ ಹಿಡಿಯುತ್ತಿದ್ದರೆ ನೀವು ತಡವಾಗಿ ಅಥವಾ ಗಿಡ್ಡವಾಗಿ ಎಸೆಯುತ್ತಿದ್ದೀರಿ. ನಾಯಿ ನಿಮ್ಮ ಪಕ್ಕ ದಾಟುವ ಮೊದಲೇ ಕೈಯಿಂದ ಬಿಡಿ. ಓಟ ಎಷ್ಟೇ ಜೋರಿದ್ದರೂ ಡಿಸ್ಕ್ ಮೊದಲೇ ನೆಲ ಮುಟ್ಟುತ್ತಿದ್ದರೆ ಬಲ ಕಡಿಮೆ ಮಾಡಿ, ಗಿರಕಿ ಹೆಚ್ಚಿಸಿ. ಯಾರಿಂದಾದರೂ ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆಸಿ ನೋಡಿ. ಬರಿಗಣ್ಣಿಗೆ ಸೊಗಸಾಗಿ ಕಂಡ ಇಳಿತ ಅಲ್ಲಿ ಬೇರೆಯೇ ಕಾಣುತ್ತದೆ. ಮರುದಿನ ನಾಯಿ ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡಿದರೆ, ಮಲಗಿದ್ದು ಏಳುವಾಗ ಹಿಂಗಾಲು ಎಳೆದರೆ, ಆ ವಾರ ಡಿಸ್ಕ್ ಪೆಟ್ಟಿಗೆಯಲ್ಲೇ ಇರಲಿ.

ನೆಲ ಹುಲ್ಲಿನದಾಗಿರಲಿ, ಒಣಗಿರಲಿ. ಎಸೆಯುವ ಮೊದಲು ಆ ಉದ್ದಕ್ಕೂ ನೀವೇ ಒಮ್ಮೆ ನಡೆದು ಗುಂಡಿ, ಗಾಜು, ನೀರಿನ ಪೈಪಿನ ತಲೆ ನೋಡಿ. ಕಾಂಕ್ರೀಟು, ಟಾರಿನ ಮೇಲೆ ಉರುಳು ಡಿಸ್ಕೂ ಬೇಡ.

ಗಾಳಿ

ಎದುರುಗಾಳಿ ಡಿಸ್ಕನ್ನು ಮೇಲೆತ್ತುತ್ತದೆ. ಮುಂದಿನ ಅಂಚನ್ನು ತುಸು ಕೆಳಗಿಟ್ಟು, ತಗ್ಗಿನಲ್ಲಿ, ಹೆಚ್ಚು ಗಿರಕಿಯಿಂದ ಎಸೆಯಿರಿ. ಬಲ ಹೆಚ್ಚಿಸಿದಷ್ಟೂ ಅದು ಇನ್ನಷ್ಟು ಏರಿ ತಿರುಗುತ್ತದೆ. ಹಿಂಗಾಳಿಯಲ್ಲಿ ಡಿಸ್ಕಿಗೆ ಆಸರೆ ಸಿಗದೆ ಬೇಗ ಕುಸಿಯುತ್ತದೆ, ಸ್ವಲ್ಪ ಎತ್ತರಕ್ಕೆ ಎಸೆಯಬೇಕು. ಅಡ್ಡಗಾಳಿಗೆ ಒಂದೇ ನಿಯಮ: ಗಾಳಿ ಬರುವ ಕಡೆಯ ಅಂಚು ಕೂದಲೆಳೆಯಷ್ಟು ತಗ್ಗಿರಲಿ. ಕೆಳಗಿನ ಮೈ ಗಾಳಿಗೆ ಸಿಕ್ಕರೆ ಡಿಸ್ಕ್ ಗಾಳಿಪಟದಂತೆ ಮೈದಾನದಾಚೆಗೆ ಹೋಗುತ್ತದೆ, ನಾಯಿ ಅದರ ಹಿಂದೆ ಹೋಗುತ್ತದೆ. ಅಭ್ಯಾಸಕ್ಕೆ ಗಾಳಿಯಿಲ್ಲದ ದಿನಗಳನ್ನೇ ಹುಡುಕಬೇಡಿ, ಸ್ಪರ್ಧೆಯ ದಿನ ಆ ಆಯ್ಕೆ ನಿಮಗಿರುವುದಿಲ್ಲ.

ಸ್ಪರ್ಧೆಯ ದಿನ

ನಿಯಮಪುಸ್ತಕ ಮೊದಲೇ ಓದಿ. ಗಡಿಯಾರ ಶುರುವಾಗುವುದು ತೀರ್ಪುಗಾರರ ಕೂಗಿಗೋ ಮೊದಲ ಎಸೆತಕ್ಕೋ, ಎಲ್ಲ ಎಸೆತ ಲೆಕ್ಕಕ್ಕೋ ಅತ್ಯುತ್ತಮ ಐದು ಮಾತ್ರವೋ, ನಾಯಿಯ ಪಂಜ ಗೆರೆಯ ಮೇಲೆ ಬಿದ್ದರೆ ಯಾವ ವಲಯ, ಸಮಯ ಮುಗಿಯುವಾಗ ಗಾಳಿಯಲ್ಲಿರುವ ಡಿಸ್ಕಿಗೆ ಅಂಕವುಂಟೋ — ಇವು ಸಂಘಟನೆಯಿಂದ ಸಂಘಟನೆಗೆ ಬದಲಾಗುತ್ತವೆ. ಎಸೆಯುವ ಗೆರೆ ತುಳಿದರೆ ಆ ಎಸೆತ ಹೋದಂತೆ, ಹಾಗಾಗಿ ಗೆರೆಯಿಂದ ಅರ್ಧ ಹೆಜ್ಜೆ ಹಿಂದೆಯೇ ನಿಂತು ಅಭ್ಯಾಸ ಮಾಡಿ.

ಊಟ ಕನಿಷ್ಠ ಮೂರು ಗಂಟೆ ಮೊದಲೇ ಮುಗಿದಿರಬೇಕು. ತುಂಬಿದ ಹೊಟ್ಟೆಯಲ್ಲಿ ಓಡಿಸುವುದು ಎದೆ ಆಳವಾದ ತಳಿಗಳಿಗೆ ವಿಶೇಷವಾಗಿ ಅಪಾಯ. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ನೀರು ಸ್ವಲ್ಪಸ್ವಲ್ಪವಾಗಿ, ಆಗಾಗ. ಸರದಿಗೆ ಹದಿನೈದು ನಿಮಿಷ ಇರುವಾಗ ಐದು ನಿಮಿಷ ಚುರುಕು ನಡಿಗೆ, ಎರಡು ನಿಮಿಷ ಕುಕ್ಕುಲೋಟ, ಎರಡೂ ದಿಕ್ಕಿಗೆ ಗಿರಕಿ, ನಿಮ್ಮ ಕಾಲುಗಳ ನಡುವೆ ಎಂಟರ ಆಕಾರದಲ್ಲಿ ನಾಲ್ಕು ಸುತ್ತು, ಕೊನೆಗೆ ಒಂದೆರಡು ಉರುಳು ಡಿಸ್ಕ್. ಪಂಜರದಿಂದ ತೆಗೆದು ನೇರ ಗೆರೆಗೆ ತಂದ ನಾಯಿಯ ಮೊದಲ ಎಸೆತದಲ್ಲೇ ಸ್ನಾಯು ಎಳೆಯುವುದು ಹೆಚ್ಚು.

ಯಾವ ವಲಯಕ್ಕೆ ಎಸೆಯಬೇಕು ಎಂಬುದನ್ನು ಗೆರೆಗೆ ಬರುವ ಮೊದಲೇ ನಿರ್ಧರಿಸಿ. 40 ಗಜದಾಚೆಗೆ ಐದು ಎಸೆದು ಒಂದು ತಪ್ಪಿದರೆ 18 ಅಂಕ. 35 ಗಜಕ್ಕೆ ಸುತ್ತು ಹನ್ನೊಂದು ಸೆಕೆಂಡಿಗಿಂತ ಕಡಿಮೆ. ಆರು ಎಸೆತ, ಆರೂ ಹಿಡಿದರೆ 21. ಅಭ್ಯಾಸದಲ್ಲಿ ಹತ್ತಕ್ಕೆ ಒಂಬತ್ತು ಹಿಡಿಯದ ದೂರವನ್ನು ಸ್ಪರ್ಧೆಯಲ್ಲಿ ಪ್ರಯತ್ನಿಸುವುದು ಬೇಡ. ಅತ್ಯುತ್ತಮ ಐದು ಮಾತ್ರ ಲೆಕ್ಕವಿರುವ ಕಡೆ ಈ ಹಂಚಿಕೆ ಬದಲಾಗುತ್ತದೆ, ಆಗ ದೂರಕ್ಕೇ ಬೆಲೆ ಹೆಚ್ಚು. ಮೊದಲ ಎಸೆತ ಮಾತ್ರ ಯಾವಾಗಲೂ ಸುಲಭದ್ದಾಗಿರಲಿ: ನಾಯಿ ಹಿಡಿದರೆ ಅದಕ್ಕೂ ನಿಮಗೂ ಲಯ ಸಿಗುತ್ತದೆ. ಡಿಸ್ಕ್ ತಪ್ಪಿದರೆ ದನಿಯಲ್ಲಿ ಬೇಸರ ಬರಬಾರದು. ಬೇಸರ ಕೇಳಿದ ನಾಯಿ ಮರಳುವ ದಾರಿಯಲ್ಲಿ ನಿಧಾನಿಸುತ್ತದೆ. ದಿಕ್ಕು ಆರಿಸಿಕೊಳ್ಳುವ ಅವಕಾಶವಿದ್ದರೆ ಸೂರ್ಯ ನಿಮ್ಮ ಬೆನ್ನಿಗಿರಲಿ, ನಾಯಿ ಮುಂದೆ ನೋಡಿ ಓಡುವಾಗ ಡಿಸ್ಕ್ ಬೆಳಕಿನಲ್ಲಿ ಕರಗಿಹೋಗುವುದಿಲ್ಲ.

ಫ್ರೀಸ್ಟೈಲ್ ಬೇರೆಯೇ ಲೋಕ. ಒಂದೂವರೆಯಿಂದ ಎರಡು ನಿಮಿಷ, ಹಲವು ಡಿಸ್ಕ್, ಸಂಗೀತ, ನಿಮ್ಮ ಬೆನ್ನು ತೊಡೆಗಳನ್ನು ಮೆಟ್ಟಿ ಹಾರುವ ವಾಲ್ಟ್‌ಗಳು. ದೂರದ ಸುತ್ತಿನಲ್ಲಿ ಮರಳುವಿಕೆ, ಬಿಡುವಿಕೆ, ಇಳಿತ ಮೂರೂ ಗಟ್ಟಿಯಾಗುವವರೆಗೆ ಅತ್ತ ಹೋಗಬೇಡಿ. ವಾಲ್ಟ್‌ನಲ್ಲಿ ಇಳಿಯುವ ಎತ್ತರ ಹೆಚ್ಚು, ತಪ್ಪಿಗೆ ಜಾಗ ಕಡಿಮೆ.

ಸುತ್ತು ಮುಗಿದ ಕೂಡಲೇ ಪಂಜರಕ್ಕೆ ಹಾಕಬೇಡಿ. ಉಸಿರು ತಹಬಂದಿಗೆ ಬರುವವರೆಗೆ, ಐದರಿಂದ ಹತ್ತು ನಿಮಿಷ, ನೆರಳಿನಲ್ಲಿ ನಡೆಸಿ. ಬಿಸಿಲಿನ ದಿನ ನಾಲಗೆಯ ಮೇಲೆ ಕಣ್ಣಿಡಿ. ಅದು ಅಗಲವಾಗಿ ಸೌಟಿನಂತೆ ಬಾಗಿ ಜೋತರೆ, ಒಸಡು ಕೆಂಪಗಾದರೆ, ಜೊಲ್ಲು ಅಂಟಂಟಾದರೆ, ನಡಿಗೆ ತಪ್ಪಿದರೆ ಅಲ್ಲಿಗೆ ಆಟ ಮುಗಿಯಿತು. ಮೈಯೆಲ್ಲ ಚರ್ಮದವರೆಗೆ ನೆನೆಯುವಂತೆ ನೀರು ಸುರಿದು, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬೇಗ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ದಾರಿಯಲ್ಲೂ ಗಾಡಿಯ ಕಿಟಕಿ ತೆರೆದಿರಲಿ.